ಕಾಲು ಮುಂದಾಗಿ ಹುಟ್ಟಿದವಳು

ಬ್ಯಾಡಗಿಯ ಸ್ಟೇಶನ್ ಓಣಿಯಲ್ಲಿ ಯಾರಿಗಾದರೂ ಬೆನ್ನು ಹಿಡಿದುಕೊಂಡರೆ ಅವರು ಮೊದಲು ದವಾಖಾನೆಗೆ ಹೋಗುತ್ತಿರಲಿಲ್ಲ, ಚಂಪಾವತಿಯ ಮನೆಗೆ ಬರುತ್ತಿದ್ದರು. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರು ಹಿಡಿದ ಬೆನ್ನಿಗೆ ಕಾಲು ಹಚ್ಚಿದರೆ ನೋವು ಬಿಡುತ್ತದೆಂಬುದು ಆ ಕಡೆಯವರ ನಂಬಿಕೆ. ಚಂಪಾವತಿ ಹಾಗೆ ಹುಟ್ಟಿದವಳು. ಬರುವವರು ಹೊತ್ತು ಮೂಡುವಾಗ ಬರಬೇಕು, ಬರಿಹೊಟ್ಟೆಯಲ್ಲಿ ಬರಬೇಕು, ಪಡಸಾಲೆಯಲ್ಲಿ ಮೂಡಣಕ್ಕೆ ತಲೆ ಮಾಡಿ ಬೋರಲು ಮಲಗಬೇಕು. ಆಕೆ ಶಿವನ ಹೆಸರು ಹೇಳಿ ಬಲಗಾಲಿನ ಹಿಮ್ಮಡವನ್ನು ಬೆನ್ನಿಗೆ ಒತ್ತಿ, ಕೊನೆಗೊಮ್ಮೆ ಮೆಲ್ಲಗೆ ಒದೆಯುತ್ತಿದ್ದಳು. ಮಲಗಿದವರು ವಯಸ್ಸಿನಲ್ಲಿ ಹಿರಿಯರಾದರೆ ಅವರು ಎದ್ದ ಮೇಲೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ಪ್ರತಿಯಾಗಿ ಒಂದು ಎಲೆ ಅಡಿಕೆಯನ್ನೂ ತೆಗೆದುಕೊಂಡವಳಲ್ಲ.

ಮೆಣಸಿನಕಾಯಿ ಸುಗ್ಗಿಯ ದಿನಗಳು. ಊರಿಗೆ ಊರೇ ಸೀನುತ್ತಿತ್ತು. ಆ ಬೆಳಿಗ್ಗೆ ಬಂದವಳು ಹಿಂದಿನ ಸಾಲಿನ ಕುಲ್ಸುಮಬಿ. ಗೋಡೆ ಹಿಡಿದುಕೊಂಡು, ನೆಲ ನೋಡುತ್ತ ಬಂದಳು.

"ಯಾ ಅಲ್ಲಾ! ಚಂಪವ್ವಾ, ಕೊಡಾ ಎತ್ತಾಕ ಹೋದೆ, ಕಟ್ ಅಂತು. ಬಾಗಿದಾಕಿ ಬಾಗಿದಂಗ ಬಂದೇನಿ ನೋಡು."

"ಚಾ ಕುಡದೀರೇನು?"

"ಎಲ್ಲೀ ಚಾ? ಸೊಸಿ ಎದ್ದಿದ್ರಲಾ ಚಾ ಸಿಗೂದು!"

ಮುದುಕಿಯನ್ನು ಮಲಗಿಸಿ ಚಂಪಾವತಿ ತನ್ನ ಕೆಲಸ ಮಾಡಿದಳು. ಕುಲ್ಸುಮಬಿ ಸ್ವಲ್ಪ ಹೊತ್ತು ಹಾಗೆಯೇ ಬಿದ್ದುಕೊಂಡಿದ್ದು, ಒಂದು ಕೈ ಊರಿ, ಇನ್ನೊಂದು ಕೈ ಊರಿ, ನೆಟ್ಟಗೆ ಎದ್ದು ನಿಂತಳು.

"ಬಿಡ್ತವ್ವಾ ಬಿಡ್ತು! ನಿನ್ನ ಕಾಲಿಗೆ ಬಂಗಾರದ ಕಡಗ ಹಾಕಬೇಕು."

ಚಂಪಾವತಿ ನಕ್ಕು, ನಮಸ್ಕಾರಕ್ಕೆಂದು ಬಗ್ಗಿದಳು. ಅಷ್ಟರಲ್ಲಿ ಮನೆಯ ಮುಂದೆ ಆಟೋ ನಿಂತಿತು. ರಾಣೆಬೆನ್ನೂರು ಸ್ಟೇಶನ್ನಿನಿಂದ ಬಂದ ಆಟೋ. ಒಳಗೆ ಎರಡು ಪೆಟ್ಟಿಗೆಗಳ ನಡುವೆ ಕೂತಿದ್ದವಳು ಮೃಣಾಲಿನಿ, ಚಂಪಾವತಿಯ ತಂಗಿ.

"ನೋವಿನ ಡಾಕ್ಟರ ಬಂದ್ಲು!" ಎಂದು ಕುಲ್ಸುಮಬಿ ಬಾಗಿಲಿಗೆ ಓಡಿದಳು. "ಮೃಣಾ, ನನ್ನ ಮೊಣಕಾಲ ಒಂದೀಟು ನೋಡವಾ."

"ನಾ ಆ ಡಾಕ್ಟರ ಅಲ್ರಿ ಚಾಚಿ. ನೋವು ಹೆಂಗ ಹುಟ್ಟತೈತಿ ಅಂತ ನೋಡಾಕಿ."

"ಹುಟ್ಟೂದು ನಮಗ ಗೊತ್ತೈತಿ. ಹೋಗೂದು ಹೇಳು!"

ಆಟೋದವನೂ ನಕ್ಕ. ನಮಸ್ಕಾರಕ್ಕೆ ಬಗ್ಗಿದ್ದ ಚಂಪಾವತಿಯ ಕೈಗೆ ಕುಲ್ಸುಮಬಿಯ ಪಾದಗಳು ಸಿಗಲಿಲ್ಲ. ಬರಿಯ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಎದ್ದಳು.

ಮೃಣಾಲಿನಿ ಈ ಸಲ ಬಂದದ್ದು ಹಬ್ಬಕ್ಕಲ್ಲ. ಧಾರವಾಡದಲ್ಲಿ ಓದಿ, ಕೆಲವು ವರ್ಷ ಜರ್ಮನಿಯಲ್ಲಿದ್ದು, ಈಗ ಮೈಸೂರಿನ ಒಂದು ಸಂಶೋಧನಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದಳು. ಮದುವೆ ಮಾಡಿಕೊಂಡಿರಲಿಲ್ಲ. ಕಪ್ಪೆಯ ಕಾಲಿನ ನರದಿಂದ ಶುರುವಾದ ಆಕೆಯ ಕೆಲಸ ಇಲಿಗೆ ಬಂದು, ಇಲಿಯಿಂದ ಮನುಷ್ಯರ ಚರ್ಮಕ್ಕೆ ಬಂದು ಮುಟ್ಟಿತ್ತು. ಬಿಸಿ ತಾಗಿದಾಗ ಯಾವ ನರ ಮಿಡಿಯುತ್ತದೋ ಖಾರ ತಾಗಿದಾಗಲೂ ಅದೇ ನರ ಮಿಡಿಯುತ್ತದೆ. ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಕೈಯಲ್ಲಿ ಆ ನರ ಏನಾಗಿರುತ್ತದೆಂದು ಆಕೆಗೆ ನೋಡಬೇಕಾಗಿತ್ತು. ಅದಕ್ಕಾಗಿ ಸುಗ್ಗಿ ಮುಗಿಯುವವರೆಗೆ ಅಕ್ಕನ ಮನೆಯಲ್ಲಿ ಇರಲು ಬಂದಿದ್ದಳು.

ಮನೆಯಲ್ಲಿದ್ದವರು ಮೂವರೇ. ಚಂಪಾವತಿ, ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಅವಳ ಮಗಳು ನಂದಿತಾ, ಮತ್ತು ಅಕ್ಕತಂಗಿಯರ ತಾಯಿ. ಚಂಪಾವತಿಯ ಗಂಡ ವಿರೂಪಾಕ್ಷಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ಹೋದ ವರ್ಷ ದೀಪಾವಳಿಗೆ ಮುಂಚೆ ತೀರಿಕೊಂಡಿದ್ದ. ಅವನ ಫೋಟೋಕ್ಕೆ ಚಂಪಾವತಿ ದಿನಾ ಸ್ನಾನದ ಮೇಲೆ ವಿಭೂತಿ ಹಚ್ಚುತ್ತಿದ್ದಳು.

ತಂಗಿ ಬಂದ ಒಂದು ವಾರದೊಳಗೆ ಅಡಿಗೆಮನೆಯ ಹೊತ್ತುಗೊತ್ತು ಬದಲಾಯಿತು. ನಂದಿತಾ ಮೊದಲು ತಾಯಿಯ ಕೂಡ ರೊಟ್ಟಿ ಬಡಿಯಲು ಕೂಡುತ್ತಿದ್ದವಳು ಈಗ ರಜೆಯ ದಿನಗಳಲ್ಲಿ ಚಿಗವ್ವನ ಪೆಟ್ಟಿಗೆ ಹೊತ್ತು ಗೋಡೌನಿಗೆ ಹೋಗತೊಡಗಿದಳು. ಅಲ್ಲಿ ತೊಟ್ಟು ಮುರಿಯುವ ಹೆಂಗಸರ ಮಣಿಕಟ್ಟಿಗೆ ಒಂದು ಸಣ್ಣ ಲೋಹದ ಬಿಲ್ಲೆ ಕಟ್ಟುವುದು. ಅದು ಮೆಲ್ಲಗೆ ಬಿಸಿಯಾಗುವುದು. ಬಿಸಿ ಹೋಗಿ ನೋವು ಆಯಿತೆಂದಾಗ ಅವರು ಗುಂಡಿ ಒತ್ತಿದರೆ ಬಿಲ್ಲೆ ತಣ್ಣಗಾಗುವುದು. ಮೃಣಾಲಿನಿ ಅವರ ಸರಿಸಮಕ್ಕೆ ನೆಲದ ಮೇಲೆ ಬಾಗಿ ಕೂತು ಹೊತ್ತೆಲ್ಲ ಇದನ್ನೇ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ನಾಲ್ವರೂ ಉಣ್ಣಲು ಕೂತಿದ್ದರು. ಬಿಸಿ ರೊಟ್ಟಿ, ಮೆಂತೇ ಪಲ್ಯ, ಶೇಂಗಾ ಹಿಂಡಿ, ಬೇಳೆ ಸಾರು.

"ಅವ್ವಾ, ಖಾರ ಅಂದ್ರ ರುಚಿ ಅಲ್ಲಂತ. ನೋವಂತ," ಎಂದಳು ನಂದಿತಾ.

"ಹೌದೇನು? ಹಂಗಾರ ನಾಳಿಂದ ಸಾರಿಗೆ ಎರಡು ಚಮಚ ನೋವು ಹಾಕ್ತೀನಿ."

ಮೃಣಾಲಿನಿ ಜೋರಾಗಿ ನಕ್ಕಳು. "ಅಕ್ಕಾ, ನಿನ್ನ ಕೈಗೂ ಒಮ್ಮೆ ಬಿಲ್ಲೆ ಕಟ್ಟೂಣಲಾ? ಮನಿಯಾಗ ಇರೂ ಹೆಣ್ಣಮಕ್ಕಳದೂ ನನಗ ಬೇಕು."

"ನನ್ನ ಕೈ ಯಾಕ? ಒಲಿ ಮುಂದ ಸುಟ್ಟ ಕೈ ಅದು. ನಿನ್ನ ಲೆಕ್ಕ ಕೆಡತೈತಿ."

"ಹಂಗಲ್ಲ ಅಕ್ಕಾ..."

"ಸಾರು ಹಾಕ್ಲಿ? ಆರಿ ಹೋಗತೈತಿ."

ಗ್ಯಾಸ್ ಸಿಲಿಂಡರ್ ಬಂದಾಗ ಮೃಣಾಲಿನಿ ತಾನೇ ದುಡ್ಡು ಕೊಟ್ಟಳು. ಹಾಲಿನವನಿಗೂ ಕೊಟ್ಟಳು. "ಮನಿ ಯಜಮಾನ ಹೋದ ಮ್ಯಾಲ ಬಂದ ಬಂದವರು ದುಡ್ಡು ಕೊಡೂದಾತು," ಎಂದು ಚಂಪಾವತಿ ಪಾತ್ರೆ ತಿಕ್ಕುತ್ತ ಕೇಳಿಸುವಂತೆಯೇ ಅಂದಳು. ಮರುದಿನ ತಂಗಿ ದುಡ್ಡು ಕೊಡಲಿಲ್ಲ. "ನೋಡು, ಒಂದ ಮಾತಿಗೆ ಕೈ ಎಳಕೊಂಡ್ಲು," ಎಂದು ಅದಕ್ಕೂ ಅಂದಳು.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ತಾಯಿಯ ವಿಷಯ. ಮುದುಕಿಗೆ ಮಳೆಗಾಲದಲ್ಲಿ ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಎದ್ದು, ಗುಳ್ಳೆಗಳೆಲ್ಲ ಮಾಸಿ ಹೋಗಿದ್ದರೂ ಉರಿ ಹೋಗಿರಲಿಲ್ಲ. ಚಂಪಾವತಿ ದಿನಾ "ನೋಯ್ತೈತೇನಬೇ?" ಎಂದು ಕೇಳುತ್ತಿದ್ದಳು. "ಇರ್ಲಿ ಬಿಡು, ಶಿವಾ ಕೊಟ್ಟಿದ್ದು," ಎಂದು ಮುದುಕಿ ಗೋಡೆಯ ಕಡೆ ಹೊರಳುತ್ತಿತ್ತು. ಒಂದು ಸಂಜೆ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಪಡಸಾಲೆಯಿಂದ ತಾಯಿಯ ದನಿ ಕೇಳಿಸಿತು. ಇಷ್ಟು ಉದ್ದ ಮಾತಾಡಿದ್ದನ್ನು ಈಚೆಗೆ ಕೇಳಿರಲಿಲ್ಲ.

"ಮೊದಲ ಇರವಿ ಹರದಂಗ ಆಗತೈತಿ. ಆಮ್ಯಾಲ ಹಸೇ ಗಾಯದ ಮ್ಯಾಲ ಉಪ್ಪಿನ ಅರಿವಿ ಎಳದಂಗ. ಸೀರಿ ಸೆರಗ ತಾಗಿದ್ರೂ ಜೀವ ಹೋಗತೈತಿ ಮೃಣಾ. ಅದಕ್ಕ ಕುಪ್ಪಸಾ ಬಿಚ್ಚಿ ಕುಂದ್ರತೀನಿ. ನಿಮ್ಮಕ್ಕ ಬೈತಾಳ."

ಚಂಪಾವತಿ ಮೊರ ಇಟ್ಟು ಹೊರಗೆ ಬಂದಳು. "ಇದನ್ನ ನನಗ್ಯಾಕ ಹೇಳಲಿಲ್ಲಬೇ?"

"ಅಕಿ ಹೆಂಗ ನೋಯ್ತೈತಿ ಅಂತ ಕೇಳಿದ್ಲು. ಹೇಳಿದೆ."

"ನಾ ಕೇಳಲಿಲ್ಲೇನು? ದಿನಾ ಮುಂಜಾನಿ ಸಂಜಿ ಕೇಳಲಿಲ್ಲೇನು?"

"ನೀ ನೋಯ್ತೈತೇನು ಅಂತ ಕೇಳತಿದ್ದಿ. ಹೂಂ ಅಂದ್ರ ನಿನಗ ಸಂಕಟ. ನಿನಗರೇ ಎಷ್ಟು ಸಂಕಟ ಕೊಡ್ಲಿ?"

ಮರುದಿನವೇ ಮೃಣಾಲಿನಿ ತಾಯಿಯನ್ನು ರಾಣೆಬೆನ್ನೂರಿನ ನರರೋಗದ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಗುಳಿಗೆ ಕೊಟ್ಟಿದ್ದರು, ಹತ್ತಲು ಕೆಲವು ವಾರ ಬೇಕೆಂದಿದ್ದರು. ಚಂಪಾವತಿ ಗುಳಿಗೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳಿಗೆ ಬೇರೆ ಗುಳಿಗೆಗಳು ನೆನಪಾದವು.

ವಿರೂಪಾಕ್ಷಪ್ಪನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ, ಕೊನೆಕೊನೆಗೆ ನೋವು ಬೆನ್ನಿಗೆ ಇಳಿದಿತ್ತು. ಊರವರ ಬೆನ್ನು ಬಿಡಿಸಿದವಳು ತನ್ನ ಗಂಡನ ಬೆನ್ನಿಗೆ ಎಷ್ಟು ಬೆಳಗು ಕಾಲು ಹಚ್ಚಿದಳೋ ಶಿವನೇ ಬಲ್ಲ. ಬಿಡಲಿಲ್ಲ. ಕೊನೆಗೆ ಮೃಣಾಲಿನಿ ಹುಬ್ಬಳ್ಳಿಯ ಪರಿಚಯದವರ ಮೂಲಕ ಬಲವಾದ ಗುಳಿಗೆ ಕೊಡಿಸಿದಳು. ಅವನು ಮೊದಲ ಸಲ ಕಣ್ತುಂಬ ಮಲಗಿ ಎದ್ದು, "ನಿನ್ನ ತಂಗಿ ದೇವರಂಥಾಕಿ," ಎಂದ. ಮುಂದೆ ಮಾತಾಡುವ ಸ್ಥಿತಿ ಅವನಿಗೆ ಬರಲಿಲ್ಲ. ಮೂವತ್ತು ವರ್ಷ ಕೂಡಿ ಬಾಳಿದವನ ಬಾಯಿಂದ ಬಂದ ಕೊನೆಯ ಒಳ್ಳೆಯ ಮಾತು ತಂಗಿಯ ಪಾಲಾಗಿತ್ತು. ಸತ್ತವರ ಮಾತಿಗೆ ಮುನಿಯುವುದು ಪಾಪವೆಂದು ಚಂಪಾವತಿಗೆ ತಿಳಿಯದ್ದಲ್ಲ. ದಿನಾ ವಿಭೂತಿ ಹಚ್ಚುವಾಗ ಕ್ಷಮಿಸೆಂದು ಬೇಡಿಕೊಳ್ಳುತ್ತಿದ್ದಳು. ಬೇಡಿಕೊಂಡು ಎದ್ದ ಮೇಲೆ ಮತ್ತೆ ಅದೇ ನೆನಪಾಗುತ್ತಿತ್ತು.

ಹಾವೇರಿಯಲ್ಲಿ ಒಂದು ಸಂಘದವರು ಮೃಣಾಲಿನಿಗೆ ಸನ್ಮಾನ ಇಟ್ಟುಕೊಂಡರು. ನಂದಿತಾಳ ಹಟಕ್ಕೆ ಚಂಪಾವತಿಯೂ ಇಳಕಲ್ ಸೀರೆ ಉಟ್ಟು ಹೋದಳು. ತಂಗಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಯಾರೋ ತಂದು ಮುಂದಿನ ಸಾಲಿನಲ್ಲಿದ್ದ ಚಂಪಾವತಿಯ ತೊಡೆಯ ಮೇಲೆ ಇಟ್ಟು ಹೋದರು.

ಮೃಣಾಲಿನಿ ಮಾತಾಡುತ್ತ, "ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬಾಗಿ ಬಂದವರು ನೆಟ್ಟಗೆ ಎದ್ದು ಹೋಗುವುದನ್ನು ನೋಡುತ್ತಿದ್ದೆ. ನಮ್ಮ ಅಕ್ಕ ಅವರ ಬೆನ್ನಿಗೆ ಒದೆಯುತ್ತಿದ್ದಳು," ಎಂದಾಗ ಸಭೆಗೆ ಸಭೆಯೇ ನಕ್ಕಿತು. "ಆ ಕಾಲಿನಲ್ಲಿ ಔಷಧ ಇರಲಿಲ್ಲ. ಹಾಗಾದರೆ ಅವರ ನೋವು ಎಲ್ಲಿಗೆ ಹೋಯಿತು? ನಾನು ಇಷ್ಟು ವರ್ಷ ಕಪ್ಪೆ, ಇಲಿ, ಮನುಷ್ಯರಲ್ಲಿ ಹುಡುಕಿದ್ದು ಆ ಒಂದು ಪ್ರಶ್ನೆಯ ಉತ್ತರವನ್ನೇ."

ಜನ ಚಪ್ಪಾಳೆ ಹೊಡೆದರು. ನಂದಿತಾ ಎಲ್ಲರಿಗಿಂತ ಜೋರಾಗಿ ಹೊಡೆದಳು. ಚಂಪಾವತಿ ಬುಟ್ಟಿ ಹಿಡಿದುಕೊಂಡಿದ್ದಳು. ಅವಳ ಕೈಗೆ ಬಿಡುವಿರಲಿಲ್ಲ.

ಬಸ್ಸಿನಲ್ಲಿ ಬ್ಯಾಡಗಿಯ ಹಾದಿ ಅರ್ಧ ಮುಗಿದಾಗ ತಂಗಿಯ ಕಡೆ ತಿರುಗಿದಳು.

"ನನ್ನ ಕಾಲು ನಾಕ ಮಂದಿ ನಡುವ ಯಾಕ ತಂದಿ?"

"ಮಾನಾ ಕೊಟ್ಟ ಹೇಳಿದ್ದೆ ಅಕ್ಕಾ. ನನ್ನ ಕೆಲಸ ಎಲ್ಲಾ ನಿನ್ನಿಂದ ಶುರು ಆಗಿದ್ದು ಅಂದೆ."

"ಹಾರ ನಿನ್ನ ಕೊಳ್ಳಾಗ ಐತಿ. ನಗಿ ನನ್ನ ಕಾಲಿಗೆ."

"ಅವ್ವಾ, ನೀ ಪೂರ್ತಿ ಕೇಳಲೇ ಇಲ್ಲ," ಎಂದು ಹಿಂದಿನ ಸೀಟಿನಿಂದ ನಂದಿತಾ ಬಗ್ಗಿದಳು. "ಚಿಗವ್ವ ಎಷ್ಟು ಚಲೋ ಹೇಳಿದ್ಲು. ನಾನೂ ಅಕಿ ಕೂಡ ಮೈಸೂರಿಗೆ ಹೋಗಿ ಎಂ.ಎಸ್ಸಿ. ಮಾಡ್ತೀನಿ."

"ಹೌದೇನು? ಯಾವಾಗ ಮಾತಾತು ಇದು?"

ನಂದಿತಾ ಚಿಗವ್ವನ ಮುಖ ನೋಡಿದಳು.

"ಮಾಡ್ರಿ. ಗಂಡ ಹೋದ, ಅವ್ವ ನಿನ್ನ ಕಡೆ ಆದ್ಲು, ಮಗಳನ್ನೂ ಕರಕೊಂಡ ಹೋಗು. ಈ ಬುಟ್ಟಿ ಒಂದ ನನಗ ಇರ್ಲಿ."

ಎರಡು ದಿನ ಆ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಹಣ್ಣು ಬುಟ್ಟಿಯಲ್ಲೇ ಮೆತ್ತಗಾದವು. ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುದುಕಿಗೆ ಉರಿ ಎದ್ದಿತು. ಹಿಂದೆಂದೂ ಇಷ್ಟು ಎದ್ದಿರಲಿಲ್ಲ. ಹಾಸಿಗೆಯ ಅಂಚು ಹಿಡಿದುಕೊಂಡು "ಶಿವಾ, ಕರಕೊಳ್ಳೋ," ಎಂದು ಕೂಗತೊಡಗಿತು. ಗುಳಿಗೆ ಕೊಟ್ಟಾಗಿತ್ತು, ಮುಲಾಮು ಹಚ್ಚಿಯಾಗಿತ್ತು.

"ಮೃಣಾ, ನೀ ಕಾಲ ಹಚ್ಚವಾ. ಒಂದ ಸಲ ಹಚ್ಚು."

"ನಾ ಹಚ್ಚತೀನಿ ತಡಿಬೇ," ಎಂದು ಚಂಪಾವತಿ ಸೀರೆ ಎತ್ತಿ ಕಟ್ಟಿದಳು.

"ನೀ ಬ್ಯಾಡ! ಅಕಿ ಹಚ್ಚಲಿ. ಕಾಲ ಮುಂದ ಮಾಡಿ ಹುಟ್ಟಿದಾಕಿ ಅಕಿ."

ಚಂಪಾವತಿಯ ಕೈ ಸೀರೆಯ ನೆರಿಗೆಯಲ್ಲೇ ನಿಂತಿತು. "ಏನಂದಿ?"

ಮುದುಕಿ ಬಾಯಿ ಮುಚ್ಚಿಕೊಂಡಿತು. ಆದರೆ ಮಾತು ಹೊರಗೆ ಬಿದ್ದಿತ್ತು. ಮೃಣಾಲಿನಿ ತಾಯಿಯ ಬೆನ್ನಿಗೆ ತಣ್ಣನೆಯ ಬಟ್ಟೆ ಹಾಕಿದಳು. ಉರಿ ಸ್ವಲ್ಪ ಇಳಿಯುವವರೆಗೆ ಚಂಪಾವತಿ ಅಲ್ಲೇ ನಿಂತಿದ್ದು ಮತ್ತೆ ಕೇಳಿದಳು.

"ಖರೇ ಹೇಳಬೇ. ಯಾರು ಕಾಲ ಮುಂದ ಮಾಡಿ ಹುಟ್ಟಿದಾಕಿ?"

"ಇಬ್ರೂ ಹಲಗೇರ್ಯಾಗ ನನ್ನ ತವರಮನ್ಯಾಗ ಹುಟ್ಟಿದ್ರಿ. ಇಲ್ಲಿ ಮಂದಿಗೇನು ಗೊತ್ತು? ನಿಮ್ಮಪ್ಪ ನಮ್ಮ ಮಗಳು ಹಿಂಗ ಹುಟ್ಯಾಳ ಅಂತ ಓಣ್ಯಾಗ ಹೇಳಿಬಿಟ್ಟಿದ್ದ. ಯಾವ ಮಗಳು ಅಂತ ಹೇಳಿರಲಿಲ್ಲ. ನೀವು ಒಂದೀಟು ದೊಡ್ಡವರಾದ ಮ್ಯಾಲ ಒಬ್ಬ ಹಮಾಲ ಬೆನ್ನ ಹಿಡಕೊಂಡು ಬಂದ. ಮೃಣಾ ಓದಾಕ ಕುಂತಿದ್ಲು. ನೀ ಕಸಾ ಹೊಡಿಯಾಕತ್ತಿದ್ದಿ. ನಿನ್ನ ಕರದೆ."

"ಯಾಕ?"

"ದಿನಾ ಮುಂಜಾನಿ ಮಂದಿ ಬಾಗಲಾ ಬಡದ್ರ ಓದೂ ಹುಡುಗಿ ಓದಬೇಕೋ, ಬ್ಯಾಡೋ? ನೀ ಹೆಂಗೂ ಸಾಲಿ ಬಿಟ್ಟು ಮನ್ಯಾಗ ಇದ್ದಿ."

ಚಂಪಾವತಿ ತಂಗಿಯ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನು?"

"ಧಾರವಾಡಕ್ಕ ಓದಾಕ ಹೋಗೂ ಮುಂದ ಅವ್ವ ಹೇಳಿದ್ಲು."

"ಅಷ್ಟು ವರ್ಷದಿಂದ ಗೊತ್ತಿತ್ತು! ಮತ್ತ ನಂದಿತಾನ ಅಪ್ಪ ಇಲ್ಲೇ, ಈ ಪಡಸಾಲ್ಯಾಗ ನರಳತಿದ್ರು. ನಾ ಸುಳ್ಳ ಕಾಲು ಹಚ್ಚಿಕೋತ ಕುಂತಿದ್ದೆ. ಖರೇ ಕಾಲಿನಾಕಿ ಮೈಸೂರಾಗ ಕುಂತು ಗುಳಿಗಿ ಕಳಿಸಿದಿ. ಬಂದು ಒಂದ ಸಲ ಹಚ್ಚಿದ್ರ ನಿನ್ನ ಕಾಲೇನು ಸವೀತಿತ್ತೇನು?"

"ಹುಚ್ಚಿ ಹಂಗ ಮಾತಾಡಬ್ಯಾಡ ಅಕ್ಕಾ. ಮಾವಾರಿಗೆ ಬಂದಿದ್ದು ಕ್ಯಾನ್ಸರ್. ಕಾಲಿನ್ಯಾಗ ಏನೂ ಇಲ್ಲ, ನಿಂದ್ರಾಗೂ ಇಲ್ಲ, ನಂದ್ರಾಗೂ ಇಲ್ಲ."

"ಏನೂ ಇಲ್ಲಾ? ಹಂಗಾರ ಇಷ್ಟು ವರ್ಷ ನಾ ಏನ ಮಾಡೀನಿ? ಕುಲ್ಸುಮಬಿ ಎದ್ದು ಹೋಗಿದ್ದು ಏನು?"

"ಅವರ ನೋವು ಖರೇನ ಕಡಿಮಿ ಆಗತೈತಿ. ನೀ ಹಚ್ಚಿದ್ರ ಹೋಗತೈತಿ ಅಂತ ನಂಬಿ ಬಂದಿರತಾರ. ಆ ನಂಬಿಗಿಗೆ ಮಿದುಳಿನ್ಯಾಗ..."

"ಸಾಕು. ಮಾನಾ ಇದ್ರ ನನ್ನದು ಅಂತ ಅದ ಒಂದ ಇತ್ತು. ಅದೂ ನಿನ್ನ ಎಂಜಲ ಆತು."

ಆ ಮೇಲೆ ಚಂಪಾವತಿ ಬೆಳಗಿನ ಬಾಗಿಲು ತೆರೆಯುವುದನ್ನು ಬಿಟ್ಟಳು. ಬಂದವರು ಕಟ್ಟೆಯ ಮೇಲೆ ಕೂತು, ಕರೆದು, ತಿರುಗಿ ಹೋಗುತ್ತಿದ್ದರು. ಅಡಿಗೆ ಮಾಡುತ್ತಿದ್ದಳು, ತಾಯಿಗೆ ಸ್ನಾನ ಮಾಡಿಸುತ್ತಿದ್ದಳು, ಮೂವರಿಗೂ ಬಡಿಸುತ್ತಿದ್ದಳು. ತಾನು ಮಾತ್ರ ಎಲ್ಲರದಾದ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಮೊದಲಿಗಿಂತ ಜೋರಾಗಿತ್ತು.

ತಾಯಿಗೆ ಗುಳಿಗೆ ನಿಧಾನವಾಗಿ ಹತ್ತತೊಡಗಿತು. ಮುದುಕಿ ಕುಪ್ಪಸ ತೊಟ್ಟು ಕೂಡುವಂತಾಯಿತು. ಅದನ್ನು ಕಂಡು ಚಂಪಾವತಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ಯಾವುದು ಮೊದಲು ಆಯಿತೆಂದು ಅವಳಿಗೇ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಕುಲ್ಸುಮಬಿ ಮತ್ತೆ ಬಾಗಿಕೊಂಡು ಬಂದು, ಹಿತ್ತಲ ಬಾಗಿಲಿನಿಂದಲೇ ಒಳಗೆ ನುಗ್ಗಿದಳು.

"ಮುಂದಿನ ಬಾಗಲಾ ಯಾಕ ಹಾಕೀದಿ? ಮತ್ತ ಹಿಡದೈತಿ, ಲಗೂ ಬಾ."

"ನಾ ಅಲ್ರಿ ಕಾಲ ಮುಂದ ಮಾಡಿ ಹುಟ್ಟಿದಾಕಿ. ಇಕಿ, ಮೃಣಾ. ನಮ್ಮವ್ವನ ಹೇಳ್ಯಾಳ. ಇಕಿ ಕಡೆ ಹಚ್ಚಿಸಿಕೊಳ್ರಿ."

ಕುಲ್ಸುಮಬಿ ಒಮ್ಮೆ ಅಕ್ಕನನ್ನು, ಒಮ್ಮೆ ತಂಗಿಯನ್ನು ನೋಡಿದಳು. ನೋಡಲು ಕತ್ತು ಎತ್ತಲಾಗದೆ ಓರೆಯಾಗಿ ನೋಡಿದಳು. ಮೃಣಾಲಿನಿ "ಬರ್ರಿ ಚಾಚಿ, ನೋಡೂಣು," ಎಂದು ಮಲಗಿಸಿ, ಅಂಜುತ್ತ ಬರಿಯ ಕಾಲ್ಬೆರಳ ತುದಿ ತಾಗಿಸಿದಳು.

"ಏನವಾ, ಇರವಿ ಓಡಾಡಿದಂಗ ಆತು! ಇದು ಕಾಲೋ, ಕೋಳಿ ಪುಚ್ಚವೋ?" ಎಂದು ಕುಲ್ಸುಮಬಿ ನರಳುತ್ತ ಎದ್ದಳು. "ಯಾರು ಹೆಂಗರ ಹುಟ್ಟವಲ್ರ್ಯಾಕ, ಅದನ್ನ ತಗೊಂಡು ನಾ ಏನ ಮಾಡ್ಲಿ? ನನಗ ಬಿಟ್ಟಿದ್ದು ಚಂಪವ್ವನ ಕಾಲಿಗೆ. ಅಕಿ ಸಿಟ್ಟು ಇಳೀಲಿ, ಆಮ್ಯಾಲ ಬರ್ತೀನಿ."

ಕುಲ್ಸುಮಬಿ ಬಾಗಿದಂತೆಯೇ ಹೊರಟು ಹೋದಳು. ಚಂಪಾವತಿಗೆ ಮೊದಲು ಹಿಗ್ಗಾಯಿತು. ತಂಗಿಯ ಖರೇ ಕಾಲು ನಡೆಯಲಿಲ್ಲ! ಒಲೆಯ ಮುಂದೆ ಕೂತು ಹಾಲು ಉಕ್ಕುವುದನ್ನು ನೋಡುತ್ತಿದ್ದಾಗ ಆ ಬಾಗಿದ ಬೆನ್ನು ಕಣ್ಣ ಮುಂದೆ ಬಂತು. ಎಂದೂ ಒಬ್ಬರನ್ನೂ ಹಾಗೆ ಕಳಿಸಿದವಳಲ್ಲ. ಹಾಲು ಉಕ್ಕಿ ಚೆಲ್ಲಿತು.

ಸುಗ್ಗಿ ಇಳಿಯುತ್ತ ಬಂತು. ಮೃಣಾಲಿನಿ ಮೈಸೂರಿಗೆ ಹೊರಡುವ ದಿನ ಹತ್ತಿರವಾಯಿತು. ವಾರಗಟ್ಟಲೆ ಗೋಡೌನಿನ ನೆಲದಲ್ಲಿ ಬಾಗಿ ಕೂತ ಮೈ ಅದು. ಒಂದು ನಸುಕಿನಲ್ಲಿ ಪಡಸಾಲೆಯಲ್ಲಿ ಪೆಟ್ಟಿಗೆ ಎತ್ತಲು ಹೋದವಳು "ಅಯ್ಯೋ!" ಎಂದು ಅಲ್ಲೇ ಕುಸಿದು ಬಿದ್ದಳು. ನಂದಿತಾ ಎದ್ದು ಓಡಿ ಬಂದಳು. ಚಂಪಾವತಿ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ತಂಗಿ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಳು. ಯಾವ ಕಡೆಗೂ ಹೊರಳಲು ಆಗುತ್ತಿರಲಿಲ್ಲ.

"ಅವ್ವಾ, ನಿಂತ ನೋಡ್ತೀಯಲಾ! ಡಾಕ್ಟರಿಗೆ ಫೋನ್ ಮಾಡ್ಲಿ?"

"ನಿಮ್ಮ ಚಿಗವ್ವ ಜಗತ್ತಿನ ನೋವೆಲ್ಲಾ ಓದ್ಯಾಳ. ಅಕಿಗೇ ಕೇಳು."

"ಅಕ್ಕಾ," ಎಂದಳು ಮೃಣಾಲಿನಿ, ಗಲ್ಲ ನೆಲಕ್ಕೆ ಒತ್ತಿಕೊಂಡೇ. "ಕಾಲ ಹಚ್ಚು."

"ಖರೇ ಕಾಲು ನಿನ್ನ ಹಂತೇಕ ಐತೆಲ್ಲ. ನಿನ್ನ ಬೆನ್ನಿಗೆ ನೀನ ಒದ್ಕೋ."

ಹಾಸಿಗೆಯ ಮೇಲಿದ್ದ ತಾಯಿ ನಗೆ ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿತು. ನೆಲದ ಮೇಲಿದ್ದವಳಿಗೂ ನಗೆ ಬಂತು. ನಕ್ಕ ಕೂಡಲೆ ಬೆನ್ನು ಹಿಡಿದು ಚೀರಿದಳು.

"ನಗಿಸಬ್ಯಾಡ ಅಕ್ಕಾ, ಸಾಯ್ತೀನಿ. ಹಚ್ಚು."

"ಕಾಲಿನ್ಯಾಗ ಏನೂ ಇಲ್ಲ ಅಂದಿ."

"ಅಂದೆ. ಈಗೂ ಅಂತೀನಿ. ಹಚ್ಚು."

ಚಂಪಾವತಿ ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದಳು. ಸೀರೆ ಎತ್ತಿ ಕಟ್ಟಿ, ಶಿವನ ಹೆಸರು ಹೇಳಿ, ಹಿಮ್ಮಡವನ್ನು ತಂಗಿಯ ಬೆನ್ನಿಗೆ ಇಟ್ಟಳು. ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಒದೆಯುವ ಸಲ ಬಂದಾಗ ಕಾಲು ಎತ್ತಿದ್ದು ಎಂದಿಗಿಂತ ಮೇಲಕ್ಕೆ ಹೋಯಿತು. ಶಾಲೆ ಬಿಡಿಸಿ ಕೈಗೆ ಕೊಟ್ಟ ಕಸಬರಿಗೆ, ಗಂಡನ ಕೊನೆಯ ಮಾತು, ತೊಡೆಯ ಮೇಲಿನ ಹಣ್ಣಿನ ಬುಟ್ಟಿ ಎಲ್ಲವೂ ಆ ಕಾಲಿನಲ್ಲಿ ಬಂದವು. ದಪ್ಪೆಂದು ಒದ್ದಳು.

"ಅವ್ವಾ!" ಎಂದು ನಂದಿತಾ ಕೂಗಿದಳು.

ಮೃಣಾಲಿನಿ ಕೂಗಲಿಲ್ಲ. ಉಸಿರು ಹಿಡಿದು, ಬಿಟ್ಟು, ಕೈ ಊರಿ ಅರ್ಧ ಎದ್ದು ಕೂತಳು. ಅಕ್ಕನ ಮುಖ ನೋಡಿ, "ಹೋತು ಅಕ್ಕಾ. ಬಿಡ್ತು," ಎಂದಳು.

ಚಂಪಾವತಿ ಆ ಮುಖ ನೋಡಿದಳು. ನೋವು ಬಿಟ್ಟವರ ಮುಖ ಹೇಗಿರುತ್ತದೆಂದು ಅವಳು ಜೀವಮಾನವಿಡೀ ನೋಡಿದ್ದಳು. ಹುಬ್ಬು ಮೊದಲು ಸಡಿಲಾಗುತ್ತದೆ, ಆಮೇಲೆ ತುಟಿ. ತಂಗಿಯ ಹುಬ್ಬು ಹಾಗೆಯೇ ಬಿಗಿದುಕೊಂಡಿತ್ತು. ಕಣ್ಣಂಚಿನಲ್ಲಿ ನೀರಿತ್ತು.

"ಸುಳ್ಳಿ. ಹೋಗಿಲ್ಲ."

"ಹೋಗೇತಿ ಅಂದೆಲ್ಲ..."

"ನಿನ್ನ ಬಿಲ್ಲೆ, ಗುಂಡಿ ನನ್ನ ಮುಂದ ನಡಿಯೂದಿಲ್ಲ. ಬಿದ್ಕೋ."

ತಂಗಿ ಮತ್ತೆ ಮಲಗಿದಳು. ಚಂಪಾವತಿ ಈ ಸಲ ಒದೆಯಲಿಲ್ಲ. ಗೋಡೆಗೆ ಕೈ ಊರಿ ನಿಂತು, ಹಿಮ್ಮಡವನ್ನು ಬೆನ್ನಿನ ಮೇಲಿಟ್ಟು, ತನ್ನ ಭಾರವನ್ನು ಮೆಲ್ಲಗೆ ಮೆಲ್ಲಗೆ ಬಿಡತೊಡಗಿದಳು. ಹಾಗೆ ಹಚ್ಚಿದ್ದು ಒಬ್ಬನಿಗೆ ಮಾತ್ರ. ಆತ ಈಗ ಫೋಟೋದಲ್ಲಿದ್ದ.

"ಹೆಂಗ ನೋಯ್ತೈತಿ?" ಎಂದು ಕೇಳಿದಳು.

ಮೃಣಾಲಿನಿ ಹೇಳಿದಳು. "ಟೊಂಕದಾಗ ಹಗ್ಗ ಹುರಿ ಹಾಕಿದಂಗ. ಎಡಕ್ಕ ಹೆಚ್ಚು. ಹೂಂ, ಅಲ್ಲೇ."

"ನಂದಿತಾನ ಮೈಸೂರಿಗೆ ಕರಕೊಂಡ ಹೋಗ್ತೀಯೇನು?"

"ಅಯ್ಯಯ್ಯೋ... ನೀ ಹೂಂ ಅಂದ್ರ ಅಷ್ಟ."

"ಅಕಿ ಓದೂ ಮುಂದ ಅಕಿ ಕಡೆಯಿಂದ ಕಸಾ ಹೊಡಿಸಬ್ಯಾಡ."

ಹೊರಗೆ ಬಿಸಿಲು ಕಟ್ಟೆಗೆ ಬಂದಿತ್ತು. ಯಾರೋ ಬಾಗಿಲು ಬಡಿದರು. ನಂದಿತಾ ಹೋಗಿ ಅಗಳಿ ತೆಗೆದಳು. ಕುಲ್ಸುಮಬಿ ಚೌಕಟ್ಟು ಹಿಡಿದುಕೊಂಡು ಓರೆಯಾಗಿ ಒಳಗೆ ನೋಡಿದಳು.

"ಯಾ ಅಲ್ಲಾ, ನೋವಿನ ಡಾಕ್ಟರಗೇ ಹಚ್ಚಾಕತ್ತಿಯಲಾ! ಆತೇನ ಚಂಪವ್ವಾ? ನಾ ಚಾ ಕುಡದಿಲ್ಲ."

"ಕಟ್ಟಿ ಮ್ಯಾಲ ಕುಂದ್ರಿ ಚಾಚಿ," ಎಂದಳು ಚಂಪಾವತಿ, ಕಾಲು ತೆಗೆಯದೆ. "ಇಕಿದಿನ್ನೂ ಬಿಟ್ಟಿಲ್ಲ."